ಐರ್ಲೆಂಡಿನ ಒಲೆಯ ಮುಂದೆ

ಯುರೋಪ್ ಖಂಡದ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಮಹಾಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತಿರುವ ದ್ವೀಪ ಐರ್ಲೆಂಡ್. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ. ಭಗಿನಿ ನಿವೇದಿತಾ ಅವರ ಜನ್ಮಭೂಮಿಯೆಂದು ವಾಚಕರಲ್ಲಿ ಹಲವರು ಆ ನಾಡಿನ ಹೆಸರನ್ನು ಬಲ್ಲರು. ಅಲ್ಲಿನ ಕವಿಗಳ, ನಾಟಕಕಾರರ ಕೀರ್ತಿಯೂ ನಮಗೆ ಅಪರಿಚಿತವಲ್ಲ. ಆದರೆ ಆ ಜನರು ದಿನನಿತ್ಯ ಏನನ್ನು ಉಣ್ಣುತ್ತಾರೆ, ಅವರ ಅಡುಗೆಮನೆಯ ರೀತಿನೀತಿಗಳೇನು ಎಂಬುದು ನಮ್ಮಲ್ಲಿ ಅಷ್ಟಾಗಿ ಪ್ರಸ್ತಾಪಕ್ಕೆ ಬಂದುದಿಲ್ಲ. ಉದ್ಯೋಗನಿಮಿತ್ತ ಡಬ್ಲಿನ್ ನಗರದಲ್ಲಿ ನೆಲೆಸಿರುವ ನಮ್ಮ ಕಡೆಯ ಕುಟುಂಬವೊಂದರ ಆಹ್ವಾನವನ್ನು ಮನ್ನಿಸಿ ನಾವು ಒಂದು ಶರತ್ಕಾಲದಲ್ಲಿ ಕೆಲವು ವಾರ ಅಲ್ಲಿ ತಂಗಿದ್ದೆವು. ಕಂಡುದು, ಕೇಳಿದುದು, ಓದಿ ತಿಳಿದುದು ಇವುಗಳಲ್ಲಿ ಅನ್ನಕ್ಕೆ ಸಂಬಂಧಿಸಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ. ಒಂದು ನಾಡನ್ನು ಅರಿಯಲು ಅದರ ಕೋಟೆಕೊತ್ತಲಗಳನ್ನು ನೋಡಿದಷ್ಟೇ ಶ್ರದ್ಧೆಯಿಂದ ಅದರ ಒಲೆಯನ್ನೂ ನೋಡಬೇಕೆಂಬುದು ನಮ್ಮ ನಂಬಿಕೆ.

ದಿನದೂಟದ ಕ್ರಮ

ಐರಿಷ್ ಜನರ ಸಾಂಪ್ರದಾಯಿಕ ಊಟ ಬಹು ಸರಳವಾದುದು. ಮಸಾಲೆಯ ಘಮವಾಗಲಿ, ಹತ್ತಾರು ಪದಾರ್ಥಗಳ ವೈಭವವಾಗಲಿ ಅಲ್ಲಿಲ್ಲ. ಉಪ್ಪು, ಬೆಣ್ಣೆ, ಈರುಳ್ಳಿ ಇಷ್ಟೇ ಅಲ್ಲಿನ ರುಚಿಯ ಮೂಲಾಧಾರ. ಓಟ್ಸ್ ಧಾನ್ಯದ ನುಚ್ಚನ್ನು ನೀರಿನಲ್ಲಿಯೋ ಹಾಲಿನಲ್ಲಿಯೋ ನಿಧಾನವಾಗಿ ಬೇಯಿಸಿದ ಗಂಜಿ ಬೆಳಗಿನ ಹಳೆಯ ಆಹಾರ. ಹಳ್ಳಿಗಾಡಿನ ಹಿರಿಯರಲ್ಲಿ ಮುಖ್ಯ ಊಟ ಮಧ್ಯಾಹ್ನದ್ದು. ಬೇಯಿಸಿದ ಆಲೂಗಡ್ಡೆ, ಎಲೆಕೋಸು, ಅದರೊಂದಿಗೆ ಉಪ್ಪು ಹಾಕಿ ಕಾಪಿಟ್ಟ ಹಂದಿಯ ಮಾಂಸ ಅವರ ವಾಡಿಕೆ. ಸಂಜೆ ಆರು ಗಂಟೆಗೆ ಅಲ್ಲಿನ ಆಕಾಶವಾಣಿಯೂ ದೂರದರ್ಶನವೂ ಪ್ರಾರ್ಥನೆಯ ಗಂಟೆಯ ನಾದವನ್ನು ಇಂದಿಗೂ ಬಿತ್ತರಿಸುತ್ತವೆ. ಆ ವೇಳೆಗೆ ಮನೆಗಳಲ್ಲಿ ಬ್ರೆಡ್ಡು, ಬೆಣ್ಣೆ, ಹಣ್ಣಿನ ಪಾಕ ಮತ್ತು ಚಹದ ಲಘು ಊಟ. ಈ ಸಂಜೆಯ ಊಟಕ್ಕೆ ಅವರು ‘ಟೀ’ ಎಂದೇ ಕರೆಯುತ್ತಾರೆ.

ಚಹದ ವಿಷಯದಲ್ಲಿ ನಮಗೆ ಪರಕೀಯತೆಯ ಅನುಭವವೇ ಆಗಲಿಲ್ಲ. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲಿಯೇ ಅತ್ಯಧಿಕ ಚಹ ಕುಡಿಯುವವರ ಸಾಲಿಗೆ ಐರಿಷ್ ಜನರು ಸೇರಿದ್ದಾರೆ. ಗಾಢವಾದ ಕಷಾಯ, ಧಾರಾಳವಾದ ಹಾಲು. ಒಂದು ಕಾಲಕ್ಕೆ ಅವರ ಬಟ್ಟಲನ್ನು ತುಂಬುತ್ತಿದ್ದುದು ಪ್ರಮುಖವಾಗಿ ನಮ್ಮ ಅಸ್ಸಾಮಿನ ಎಲೆಯೇ. ಇಂದು ಪೂರ್ವ ಆಫ್ರಿಕದ ಎಲೆಗೆ ಅಗ್ರಸ್ಥಾನ ದೊರೆತಿದ್ದರೂ ಅಸ್ಸಾಮಿನದು ಅದರೊಂದಿಗೆ ಬೆರೆಯುತ್ತಲೇ ಇದೆ. ಮನೆಗೆ ಬಂದವರಿಗೆ ಚಹ ಬೇಕೆ ಎಂದು ಕೇಳುವುದು, ಬಂದವರು ಸಂಕೋಚದಿಂದ ಬೇಡವೆನ್ನುವುದು, ಮನೆಯೊಡತಿ ಬಿಡದೆ ಒತ್ತಾಯಿಸುವುದು, ಕೊನೆಗೆ ಅತಿಥಿಯು ‘ಸ್ವಲ್ಪವೇ ಇರಲಿ’ ಎಂದು ಒಪ್ಪುವುದು, ಈ ಉಪಚಾರದ ಕ್ರಮವನ್ನು ಕಂಡು ನಾವು ಧಾರವಾಡದಲ್ಲಿಯೇ ಇದ್ದೇವೆಯೋ ಎನಿಸಿತು.

ಶಾಕಾಹಾರಿಗಳಾದ ನಮಗೆ ಆ ನಾಡಿನಲ್ಲಿ ಉಪವಾಸ ತಪ್ಪಿಸಿದವು ಮೂರು ವಸ್ತುಗಳು: ಸೋಡಾ ಬ್ರೆಡ್ಡು, ಬೆಣ್ಣೆ ಮತ್ತು ಆಲೂಗಡ್ಡೆ. ಕಾರ್ಕ್ ಪ್ರಾಂತದ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ಓರ್ವ ವೃದ್ಧೆ ಈ ಬ್ರೆಡ್ಡನ್ನು ನಮ್ಮೆದುರಿಗೆ ಮಾಡಿ ತೋರಿಸಿದರು. ಗೋಧಿಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ ಈ ನಾಲ್ಕೇ ಸಾಮಗ್ರಿ. ಅಲ್ಲಿನ ತಂಪು ಹವೆಯಲ್ಲಿ ಬೆಳೆಯುವ ಗೋಧಿ ಮೃದುವಾದುದು, ಅದರ ಹಿಟ್ಟಿನಲ್ಲಿ ಜಿಗುಟು ಕಡಿಮೆ. ಹುದುಗು ಹಾಕಿ ಉಬ್ಬಿಸುವ ಬ್ರೆಡ್ಡಿಗೆ ಅದು ಒಗ್ಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಡುಗೆ ಸೋಡಾ ಬಳಕೆಗೆ ಬಂದಾಗ, ಮಜ್ಜಿಗೆಯ ಹುಳಿಯೂ ಸೋಡಾದ ಕ್ಷಾರವೂ ಕೂಡಿ ಅನಿಲ ಹುಟ್ಟಿ, ಆ ಮೃದು ಹಿಟ್ಟೂ ಉಬ್ಬತೊಡಗಿತು. ಆ ತಾಯಿ ಏನನ್ನೂ ಅಳೆಯಲಿಲ್ಲ. ನಮ್ಮ ತಾಯಂದಿರು ರೊಟ್ಟಿಯ ಹಿಟ್ಟಿಗೆ ನೀರನ್ನು ಅಳೆದು ಹಾಕುವರೇ? ಹಾಗೆಯೇ ಇದೂ. ಬೆರಳುಗಳನ್ನು ಅಗಲಿಸಿ ಒಮ್ಮೆ ಸುತ್ತಿಸಿ ಕಲಸಿದರು, ಮಿದಿಯಲಿಲ್ಲ. ಹೆಚ್ಚು ಮಿದಿದರೆ ಬ್ರೆಡ್ಡು ಗಟ್ಟಿಯಾಗುವುದಂತೆ. ದುಂಡಗೆ ಮಾಡಿ, ನೆತ್ತಿಯ ಮೇಲೆ ಚಾಕುವಿನಿಂದ ಅಡ್ಡ ಉದ್ದ ಎರಡು ಗೀರು ಎಳೆದರು. ಅದು ಶಿಲುಬೆಯ ಗುರುತೆಂದು ಕೆಲವರು, ಒಳಗಿನ ಯಕ್ಷಿಣಿಯರು ಹೊರಗೆ ಹೋಗಲೆಂದು ಕೆಲವರು ಹೇಳುತ್ತಾರೆ. ನಡುವಿನ ಹಿಟ್ಟಿಗೆ ಶಾಖ ತಲುಪಲೆಂಬುದು ಅನುಭವಿಗಳ ಮಾತು. ಅವರ ಬಾಲ್ಯದಲ್ಲಿ ಇದನ್ನು ಕಬ್ಬಿಣದ ಮುಚ್ಚಳದ ಪಾತ್ರೆಯಲ್ಲಿಟ್ಟು, ಜೌಗು ನೆಲದಿಂದ ಕಡಿದು ಒಣಗಿಸಿದ ಟರ್ಫ್ ಎಂಬ ಸಸ್ಯಾಂಶದ ಮಣ್ಣಿನ ಕೆಂಡವನ್ನು ಕೆಳಗೂ ಮುಚ್ಚಳದ ಮೇಲೂ ಹರಡಿ ಬೇಯಿಸುತ್ತಿದ್ದರಂತೆ. ಬಿಸಿ ಬ್ರೆಡ್ಡಿನ ಮೇಲೆ ಕರಗುವ ಬೆಣ್ಣೆಯ ರುಚಿಯನ್ನು ನಾವು ಮರೆತಿಲ್ಲ.

ಗೋವು ಮತ್ತು ಬೆಣ್ಣೆ

ಆಲೂಗಡ್ಡೆಯ ನಾಡೆಂದು ಲೋಕವು ಕರೆಯುವ ಐರ್ಲೆಂಡ್ ಮೂಲತಃ ಹಾಲಿನ ನಾಡು. ಅವರ ಪ್ರಾಚೀನ ಭಾಷೆಯಲ್ಲಿ ಹಸುವಿಗೆ ‘ಬೋ’ ಎನ್ನುತ್ತಾರೆ. ಸಂಸ್ಕೃತದ ‘ಗೋ’ ಶಬ್ದಕ್ಕೂ ಇದಕ್ಕೂ ಮೂಲ ಒಂದೇ ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ರಸ್ತೆಗೆ ಅವರಾಡುವ ‘ಬೋಹರ್’ ಎಂಬ ಪದವೂ ಹಸು ನಡೆಯುವ ದಾರಿ ಎಂಬ ಅರ್ಥದಿಂದಲೇ ಹುಟ್ಟಿದುದು. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಗಿಣ್ಣುಗಳಿಗೆ ‘ಬಿಳಿಯ ಆಹಾರ’ ಎಂದು ಹೆಸರಿಟ್ಟು, ಅವುಗಳೊಂದಿಗೆ ಓಟ್ಸ್ ಮತ್ತು ಜವೆಗೋಧಿಯನ್ನು ಉಂಡು ಅವರು ನೂರಾರು ವರ್ಷ ಬಾಳಿದರು. ಜೌಗು ನೆಲದ ಆಳದಲ್ಲಿ ಪೂರ್ವಿಕರು ಹೂತಿಟ್ಟ ಬೆಣ್ಣೆಯ ಮುದ್ದೆಗಳು ಸಾವಿರಾರು ವರ್ಷಗಳ ತರುವಾಯ ಇಂದಿಗೂ ದೊರೆಯುತ್ತಿವೆ; ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನಾವು ಕಂಡೆವು.

ಕಿಲ್ಡೇರ್‌ನ ಸಂತ ಬ್ರಿಜಿಡ್ ಹೈನದ ಅಧಿದೇವತೆಯಂತೆ ಪೂಜ್ಯಳು. ಮನೆಯ ಬೆಣ್ಣೆಯನ್ನೆಲ್ಲ ಬಡವರಿಗೆ ಹಂಚಿಬಿಟ್ಟಳೆಂದೂ, ಹಂಚಿದಷ್ಟೂ ಮತ್ತೆ ತುಂಬಿಬಂದಿತೆಂದೂ ಆಕೆಯ ಚರಿತ್ರೆಯಲ್ಲಿದೆ. ಫೆಬ್ರವರಿ 1 ಆಕೆಯ ಹಬ್ಬ. 2023ರಿಂದ ಆಕೆಯ ಹೆಸರಿನಲ್ಲಿ ರಾಷ್ಟ್ರೀಯ ರಜೆಯನ್ನೂ ನೀಡಲಾಗುತ್ತಿದೆ. ಏಳು ಎಂಟನೆಯ ಶತಮಾನಗಳ ಅವರ ಪ್ರಾಚೀನ ಧರ್ಮಶಾಸ್ತ್ರದಲ್ಲಿ ‘ಬ್ರಿಯುಗು’ ಎಂಬ ಪದವಿಯ ಉಲ್ಲೇಖವಿದೆ. ಬಂದ ಯಾರನ್ನೂ ನಿರಾಕರಿಸದೆ ಅನ್ನವಿಕ್ಕುವ ಗೃಹಸ್ಥನಿಗೆ ಸಲ್ಲುತ್ತಿದ್ದ ಗೌರವ ಅದು. ಆತನ ಸ್ಥಾನಮಾನ ದೊಡ್ಡ ಸಾಮಂತರಿಗೆ ಸಮನಾಗಿತ್ತು. ದಾಸೋಹದ ಪಂಕ್ತಿಯಲ್ಲಿ ಬೆಳೆದ ನಮಗೆ ಇದನ್ನೋದಿ ಹರ್ಷವಾಯಿತು.

ಆದರೆ ಬೆಣ್ಣೆಯ ಕಥೆಗೆ ಇನ್ನೊಂದು ಮುಖವುಂಟು. ಕಾರ್ಕ್ ನಗರದಲ್ಲಿ 1770ರಲ್ಲಿ ಆರಂಭವಾದ ಬೆಣ್ಣೆಯ ಪೇಟೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನಲ್ಲಿಯೇ ದೊಡ್ಡದೆನಿಸಿ, ಮರದ ಪೀಪಾಯಿಗಳಲ್ಲಿ ದೂರದ ದೇಶಗಳಿಗೆ ಬೆಣ್ಣೆಯನ್ನು ಕಳುಹಿಸಿತು. ಕರೆದವನು ಬೆಣ್ಣೆಯನ್ನು ಮಾರಿ ಭೂಮಾಲೀಕನಿಗೆ ಗೇಣಿ ಕಟ್ಟಿದನು. ಅವನ ಮಕ್ಕಳಿಗೆ ಉಳಿದುದು ಮಜ್ಜಿಗೆ. ಆ ಮಜ್ಜಿಗೆಯ ಜೊತೆಗೆ ಉಣ್ಣಲು ಬಂದುದೇ ಆಲೂಗಡ್ಡೆ.

ಒಂದೇ ಗಡ್ಡೆಯ ಆಸರೆ

ಉತ್ತರ ಕರ್ನಾಟಕದವರು ಬಟಾಟೆಯೆನ್ನುವ ಈ ಗಡ್ಡೆಯನ್ನು ಐರಿಷ್ ಭಾಷೆಯಲ್ಲಿ ‘ಪ್ರಾಟಾ’ ಎನ್ನುತ್ತಾರೆ. ಎರಡೂ ಅಮೆರಿಕದ ಒಂದೇ ಮೂಲದ ಪದದಿಂದ ಬಂದವು. ಹದಿನಾರನೆಯ ಶತಮಾನದ ಕೊನೆಗೆ ಅದು ಅಲ್ಲಿಗೆ ತಲುಪಿತು. ಒಳ್ಳೆಯ ನೆಲವೆಲ್ಲ ಒಡೆಯರ ಧಾನ್ಯಕ್ಕೂ ದನಗಳಿಗೂ ಸಲ್ಲುತ್ತಿದ್ದ ಕಾಲದಲ್ಲಿ, ಕಲ್ಲುಭೂಮಿಯ ಒಂದು ಎಕರೆಯಲ್ಲಿಯೇ ಒಂದು ಕುಟುಂಬಕ್ಕೆ ವರ್ಷದ ಬಹುಭಾಗ ಸಾಲುವಷ್ಟು ಬೆಳೆಯುವ ಈ ಗಡ್ಡೆ ಬಡವನಿಗೆ ವರವೇ ಆಯಿತು. 1840ರ ಹೊತ್ತಿಗೆ ಸುಮಾರು 30 ಲಕ್ಷ ಜನ ಇದೊಂದನ್ನೇ ನೆಚ್ಚಿದ್ದರು. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ತಿನ್ನುತ್ತಿದ್ದನು. ಬೇಯಿಸಿದ ಗಡ್ಡೆಗಳನ್ನು ಬುಟ್ಟಿಗೆ ಬಸಿದು, ಆ ಬುಟ್ಟಿಯನ್ನು ಪಾತ್ರೆಯ ಬಾಯಿಯ ಮೇಲಿರಿಸಿ, ಮನೆಮಂದಿಯೆಲ್ಲ ಸುತ್ತಲೂ ಕುಳಿತು ಕೈಯಿಂದಲೇ ಸಿಪ್ಪೆ ಸುಲಿದು ಉಪ್ಪುನೀರಿನಲ್ಲಿ ಅದ್ದಿ ತಿನ್ನುವುದು, ಮೇಲೆ ಮಜ್ಜಿಗೆ ಕುಡಿಯುವುದು, ಇದೇ ಊಟ. ಸಪ್ಪೆಯೆನಿಸಿದರೂ ಹಾಲಿನಂಶದೊಂದಿಗೆ ಕೂಡಿದ ಈ ಆಹಾರ ದೇಹಕ್ಕೆ ಬೇಕಾದುದನ್ನು ಬಹುಮಟ್ಟಿಗೆ ಒದಗಿಸುತ್ತಿತ್ತು. ಐರಿಷ್ ಕೂಲಿಕಾರರ ಮೈಕಟ್ಟನ್ನು ಪ್ರವಾಸಿಗಳು ಹೊಗಳಿದ್ದುಂಟು. ಬಡತನವನ್ನು ಕುರಿತು ಅವರಲ್ಲಿ ಒಂದು ವಿನೋದವುಂಟು. ಮಾಡಿಗೆ ನೇತುಹಾಕಿದ ಮಾಂಸದ ತುಂಡಿನತ್ತ ಗಡ್ಡೆಯನ್ನು ಚಾಚಿ ತೋರಿಸಿ, ರುಚಿ ಹತ್ತಿತೆಂದು ಭಾವಿಸಿ ತಿನ್ನುತ್ತಿದ್ದರಂತೆ!

ಹಳೆಯ ಗಡ್ಡೆ ಮುಗಿದು ಹೊಸದು ಬಾರದ ತಿಂಗಳಿಗೆ ‘ಹಸಿವಿನ ಜುಲೈ’ ಎಂದು ಹೆಸರಿತ್ತು. ಜುಲೈ ಕೊನೆಯ ಭಾನುವಾರ ಹೊಸ ಗಡ್ಡೆಯನ್ನು ಅಗೆಯುವ ಹಬ್ಬ. ಈ ಗಡ್ಡೆಯಿಂದಲೇ ಅವರ ಗೃಹಿಣಿಯರು ಎಷ್ಟೋ ಬಗೆಗಳನ್ನು ಕಂಡುಹಿಡಿದರು. ಎಳೆಯ ಈರುಳ್ಳಿಯ ಸೊಪ್ಪನ್ನು ಹಾಲಿನಲ್ಲಿ ಕುದಿಸಿ, ಮಸೆದ ಗಡ್ಡೆಗೆ ಬೆರೆಸಿ, ನಡುವೆ ಗುಳಿ ಮಾಡಿ ಬೆಣ್ಣೆ ತುಂಬಿದರೆ ಅದು ‘ಚಾಂಪ್’. ಹಸಿ ಗಡ್ಡೆಯನ್ನು ತುರಿದು ಬಟ್ಟೆಯಲ್ಲಿ ಹಿಂಡಿ, ಬೆಂದ ಗಡ್ಡೆ, ಹಿಟ್ಟು, ಮಜ್ಜಿಗೆ ಕೂಡಿಸಿ ಕಾವಲಿಯ ಮೇಲೆ ಬೇಯಿಸಿದರೆ ‘ಬಾಕ್ಸ್ಟಿ’. ಎಲೆಕೋಸನ್ನೋ ಅದೇ ಜಾತಿಯ ಕೇಲ್ ಸೊಪ್ಪನ್ನೋ ಕೂಡಿಸಿದರೆ ‘ಕೋಲ್ಕ್ಯಾನನ್’. ಅಕ್ಟೋಬರ್ 31ರ ರಾತ್ರಿ, ಗತಿಸಿದವರನ್ನು ನೆನೆಯುವ ಹಬ್ಬದಂದು, ಇದರೊಳಗೆ ಉಂಗುರ ಅಡಗಿಸಿಡುತ್ತಾರೆ. ಯಾರ ಪಾಲಿಗೆ ಅದು ಬರುವುದೋ ಅವರಿಗೆ ವರ್ಷದೊಳಗೆ ಮದುವೆಯೆಂದು ನಂಬಿಕೆ. ನಾವಿದ್ದ ಮನೆಯ ಮಕ್ಕಳು ಅಂದು ಉಂಗುರಕ್ಕಾಗಿ ತಟ್ಟೆಗಳನ್ನು ಕೆದಕಿದ ಸಂಭ್ರಮವನ್ನು ಕಂಡು ನಾವೂ ನಕ್ಕೆವು.

ಮಹಾಕ್ಷಾಮ

ಅಂದು ವ್ಯಾಪಕವಾಗಿ ಬೆಳೆಯುತ್ತಿದ್ದುದು ‘ಲಂಪರ್’ ಎಂಬ ಒಂದೇ ತಳಿ. ಆಲೂಗಡ್ಡೆಯನ್ನು ಬೀಜದಿಂದಲ್ಲ, ಗಡ್ಡೆಯ ತುಂಡಿನಿಂದ ನೆಡುವುದಾದ್ದರಿಂದ ಎಲ್ಲ ಹೊಲಗಳ ಎಲ್ಲ ಗಿಡಗಳೂ ಒಂದೇ ಗಿಡದ ಪ್ರತಿರೂಪಗಳಾಗಿದ್ದವು. ಒಂದಕ್ಕೆ ತಗಲುವ ರೋಗವನ್ನು ತಡೆಯುವ ಶಕ್ತಿ ಇನ್ನೊಂದಕ್ಕಿರಲಿಲ್ಲ. 1845ರ ಶರತ್ಕಾಲದಲ್ಲಿ ಆ ರೋಗ ಬಂದಿತು. ನಮ್ಮ ಹಾಸನದ ರೈತರು ಅಂಗಮಾರಿ ಎಂದು ಕರೆದು ಇಂದಿಗೂ ಅಂಜುವ ರೋಗವೇ ಅದು. ತಂಪಾದ ತೇವದ ಗಾಳಿಯಲ್ಲಿ ಅದು ಹರಡಿ, ಎಲೆ ಕಪ್ಪಾಗಿ, ಕೆಲವೇ ದಿನಗಳಲ್ಲಿ ನೆಲದೊಳಗಿನ ಗಡ್ಡೆ ಕೊಳೆತು ದುರ್ವಾಸನೆ ಎದ್ದಿತು. ಮೊದಲ ವರ್ಷ ಬೆಳೆಯ ಒಂದು ಭಾಗ ಹೋಯಿತು. 1846ರಲ್ಲಿ ಬಹುತೇಕ ಎಲ್ಲವೂ ಹೋಯಿತು. ಬಿತ್ತನೆಯ ಗಡ್ಡೆಯನ್ನೂ ತಿಂದು ಮುಗಿಸಿದ್ದರಿಂದ 1847ರಲ್ಲಿ ನೆಟ್ಟುದೇ ಅಲ್ಪ. 1848ರಲ್ಲಿ ರೋಗ ಮತ್ತೆ ಮರುಕಳಿಸಿತು.

ರೋಗ ಯುರೋಪಿನ ಇತರ ದೇಶಗಳಿಗೂ ಬಂದಿತ್ತು. ಐರ್ಲೆಂಡಿನಲ್ಲಿ ಅದು ಮಹಾಕ್ಷಾಮವಾಗಿ ಪರಿಣಮಿಸಲು ಮನುಷ್ಯನ ನೀತಿಯೂ ಕಾರಣವಾಯಿತು. ಜನ ಹಸಿದಿದ್ದಾಗಲೂ ಧಾನ್ಯ, ಬೆಣ್ಣೆ, ದನಗಳು ಬಂದರುಗಳಿಂದ ಇಂಗ್ಲೆಂಡಿಗೆ ಸಾಗುತ್ತಿದ್ದವು. 1847ರಲ್ಲಿ ಹೊರಗಿನಿಂದ ಬಂದ ಧಾನ್ಯ ಹೋದುದಕ್ಕಿಂತ ಹೆಚ್ಚಾಗಿದ್ದಿತು. ಆದರೆ ಕೊಳ್ಳಲು ಬಡವನ ಕೈಯಲ್ಲಿ ಕಾಸಿರಲಿಲ್ಲ. ಸರ್ಕಾರ ಅಮೆರಿಕದಿಂದ ತರಿಸಿದ ಮೆಕ್ಕೆಜೋಳದ ಹಿಟ್ಟಿಗೆ ‘ಇಂಡಿಯನ್ ಹಿಟ್ಟು’ ಎಂದು ಹೆಸರಾಯಿತು. ನಮ್ಮ ಇಂಡಿಯಕ್ಕೂ ಅದಕ್ಕೂ ಸಂಬಂಧವಿಲ್ಲ. ಗಟ್ಟಿಯಾದ ಆ ಕಾಳನ್ನು ಸರಿಯಾಗಿ ಬೀಸುವ ಗಿರಣಿಗಳೂ ಬೇಯಿಸುವ ಬಗೆಯೂ ಜನರಿಗಿಲ್ಲದೆ ಹೊಟ್ಟೆನೋವಿನಿಂದ ನರಳಿದರು. 1847ರ ಬೇಸಿಗೆಯಲ್ಲಿ ತೆರೆದ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದವು. ಅನ್ನವಿಕ್ಕಲು ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ. ಆದರೆ ಶರತ್ಕಾಲದ ಹೊತ್ತಿಗೆ ಅವುಗಳನ್ನು ಮುಚ್ಚಲಾಯಿತು. ಕಾಲು ಎಕರೆಗಿಂತ ಹೆಚ್ಚು ನೆಲವಿದ್ದವನು ಅದನ್ನು ಬಿಟ್ಟುಕೊಟ್ಟಲ್ಲದೆ ಪರಿಹಾರ ಪಡೆಯಲಾಗದೆಂಬ ನಿಯಮ ಬಂದಿತು. ಇಂದಿನ ಅಂಬಲಿಗೋ ಮುಂದಿನ ವರ್ಷದ ಹೊಲಕ್ಕೋ, ಎರಡರಲ್ಲಿ ಒಂದನ್ನು ತಂದೆಯಾದವನು ಆರಿಸಿಕೊಳ್ಳಬೇಕಾಯಿತು.

1841ರ ಜನಗಣತಿಯಲ್ಲಿ 81 ಲಕ್ಷ 75 ಸಾವಿರವಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷ 50 ಸಾವಿರಕ್ಕಿಳಿಯಿತು. ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತರು. ಅದಕ್ಕೂ ಮಿಗಿಲಾದ ಸಂಖ್ಯೆಯಲ್ಲಿ ಹಡಗು ಹತ್ತಿ ದೇಶ ಬಿಟ್ಟರು. ಇಡೀ ದ್ವೀಪದ ಜನಸಂಖ್ಯೆ ಇಂದಿಗೂ ಸುಮಾರು 70 ಲಕ್ಷದ ಆಸುಪಾಸಿನಲ್ಲಿದ್ದು, 1841ರ ಮಟ್ಟವನ್ನು ಮತ್ತೆ ಮುಟ್ಟಿಲ್ಲ. ರಾಸ್‌ಕಾಮನ್ ಪ್ರಾಂತದ ಸ್ಟ್ರೋಕ್ಸ್‌ಟೌನ್ ಎಂಬಲ್ಲಿ ಭೂಮಾಲೀಕನೊಬ್ಬನ ಭವ್ಯ ಸೌಧದ ಆವರಣದಲ್ಲಿಯೇ 1994ರಲ್ಲಿ ರಾಷ್ಟ್ರೀಯ ಕ್ಷಾಮ ಸಂಗ್ರಹಾಲಯ ತೆರೆದಿದೆ. ಅದೇ ಜಮೀನಿನ 1490 ಗೇಣಿದಾರರು 1847ರ ಮೇ ತಿಂಗಳಲ್ಲಿ ಊರು ಬಿಟ್ಟು ಡಬ್ಲಿನ್ನಿನ ಬಂದರಿನವರೆಗೆ ನಡೆದು, ಕೆನಡಾದ ಹಡಗು ಹಿಡಿಯಹೊರಟರು. ಅವರಲ್ಲಿ ಅನೇಕರು ದಡ ಸೇರಲಿಲ್ಲ. ಅವರು ನಡೆದ ಸುಮಾರು 165 ಕಿಲೋಮೀಟರಿನ ದಾರಿಯಲ್ಲಿ ಈಗ ಜನ ಸ್ಮರಣಾರ್ಥವಾಗಿ ನಡೆಯುತ್ತಾರೆ.

ಈ ದುರಂತಕ್ಕೂ ನಮ್ಮ ನೆಲಕ್ಕೂ ಎರಡು ನಂಟುಗಳುಂಟು. ಮೊದಲನೆಯದು ಅಭಿಮಾನದ್ದು. ಸಾಗರದಾಚೆಯಿಂದ ಮೊದಮೊದಲು ಬಂದ ನೆರವು ಕಲ್ಕತ್ತೆಯದು; ಅಲ್ಲಿದ್ದ ಸೈನಿಕರು, ಕಂಪನಿಯ ನೌಕರರೊಂದಿಗೆ ಭಾರತೀಯರೂ ಸೇರಿ 1846ರಲ್ಲಿ ಸುಮಾರು 14,000 ಪೌಂಡ್ ಕಳುಹಿಸಿದರು. ಎರಡನೆಯದು ಕಹಿಯಾದುದು. ಲಂಡನ್ನಿನ ಖಜಾನೆಯಲ್ಲಿ ಕುಳಿತು ಐರ್ಲೆಂಡಿನ ಪರಿಹಾರಕಾರ್ಯವನ್ನು ಬಿಗಿಮುಷ್ಟಿಯಿಂದ ನಡೆಸಿದ ಚಾರ್ಲ್ಸ್ ಟ್ರೆವೆಲ್ಯನ್ 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದನು. ನಮ್ಮ ಬಳ್ಳಾರಿ ಆಗ ಆ ಪ್ರಾಂತಕ್ಕೆ ಸೇರಿತ್ತು. ಅವನು ಹೋದ ಬಹುಕಾಲದ ಮೇಲೆ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಬರ ಬಳ್ಳಾರಿಯನ್ನೂ ಮೈಸೂರನ್ನೂ ಸುಟ್ಟಾಗ, ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ಅದೇ ಸಿದ್ಧಾಂತ ಇಲ್ಲಿಯೂ ಆಳಿತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು.

ನೆನಪಿನ ಊಟ

ಕ್ಷಾಮವನ್ನು ಉಂಡ ಜನಾಂಗ ಅನ್ನವನ್ನು ಕಾಣುವ ಬಗೆಯೇ ಬೇರೆ. ಬ್ರೆಡ್ಡು ಮಾಡಿ ತೋರಿಸಿದ ಆ ವೃದ್ಧೆಯನ್ನು ಈ ವಿಷಯವಾಗಿ ಕೇಳಿದೆವು. ತಮ್ಮ ಅಜ್ಜಿ ಆ ಕಾಲವನ್ನು ‘ಕೆಟ್ಟ ಬದುಕು’ ಎನ್ನುತ್ತಿದ್ದರೇ ಹೊರತು ಹೆಚ್ಚು ಹೇಳುತ್ತಿರಲಿಲ್ಲವೆಂದರು. ಆದರೆ ಬೆಂದ ಗಡ್ಡೆ ಒಂದು ಮಿಕ್ಕರೂ ಅದನ್ನು ಮರುದಿನ ಬೆಣ್ಣೆಯಲ್ಲಿ ಬಾಡಿಸಿ ಕೊಡುತ್ತಿದ್ದರಂತೆ, ಎಸೆದುದನ್ನು ಎಂದೂ ಕಂಡಿಲ್ಲವಂತೆ. ಸತ್ತವರ ಮನೆಗಳಲ್ಲಿ ಲಜ್ಜೆಯೂ ಮೌನವೂ ಉಳಿದಿದ್ದವು. ಬಡತನದ ಗುರುತೆಂದು ಹಳೆಯ ಅಡುಗೆಗಳ ಬಗ್ಗೆ ನಾಚಿಕೆಪಟ್ಟ ಕಾಲವೂ ಇತ್ತು. ಮಿರ್ಟಲ್ ಆಲೆನ್ ಎಂಬ ಗೃಹಿಣಿ 1964ರಲ್ಲಿ ಕಾರ್ಕ್ ಪ್ರಾಂತದ ಬ್ಯಾಲಿಮಲೂ ಎಂಬ ತಮ್ಮ ಮನೆಯಲ್ಲಿಯೇ ಭೋಜನಶಾಲೆ ತೆರೆದು, ಸುತ್ತಲಿನ ಹೊಲದ ತರಕಾರಿ, ಊರಿನ ಬೆಣ್ಣೆ, ಮನೆಯ ಬ್ರೆಡ್ಡನ್ನೇ ಅತಿಥಿಗಳಿಗೆ ಬಡಿಸಿ, ಆ ನಾಚಿಕೆಯನ್ನು ಕಳೆಯುವುದರಲ್ಲಿ ಮೊದಲಿಗರಾದರು.

ಹಸಿವಿನ ನೆನಪು ಔದಾರ್ಯಕ್ಕೂ ದಾರಿಮಾಡಿದೆ. 1847ರಲ್ಲಿ, ತಾವೇ ನೆಲ ಕಳೆದುಕೊಂಡು ದೂರಕ್ಕೆ ಅಟ್ಟಲ್ಪಟ್ಟಿದ್ದ ಅಮೆರಿಕದ ಚಾಕ್ಟಾ ಬುಡಕಟ್ಟಿನ ಜನ 170 ಡಾಲರು ಕೂಡಿಸಿ ಐರ್ಲೆಂಡಿನ ಹಸಿದವರಿಗೆ ಕಳುಹಿಸಿದ್ದರು. ಅದರ ಸ್ಮಾರಕವಾಗಿ ಕಾರ್ಕ್ ಸಮೀಪದ ಮಿಡಲ್‌ಟನ್ನಿನಲ್ಲಿ ಉಕ್ಕಿನ ಒಂಬತ್ತು ಬೃಹತ್ ಗರಿಗಳು ಬಟ್ಟಲಿನಾಕಾರದಲ್ಲಿ ನಿಂತಿವೆ. 2020ರ ಸೋಂಕಿನ ಕಾಲದಲ್ಲಿ ಅಮೆರಿಕದ ನವಾಹೊ ಮತ್ತು ಹೋಪಿ ಬುಡಕಟ್ಟಿನವರು ಕಷ್ಟದಲ್ಲಿದ್ದಾಗ, 173 ವರ್ಷಗಳ ಹಿಂದಿನ ಆ ಋಣವನ್ನು ನೆನೆದು ಸಾವಿರಾರು ಐರಿಷ್ ಜನರು ಅವರಿಗೆ ಹಣ ಕಳುಹಿಸಿದರು.

ಇಂತಹ ನೆನಪು ತಾನಾಗಿಯೇ ಉಳಿಯುವುದಿಲ್ಲ, ಅದನ್ನು ಉಳಿಸಬೇಕಾಗುತ್ತದೆ. 1937ರಿಂದ 1939ರವರೆಗೆ ಐರ್ಲೆಂಡಿನ ಜಾನಪದ ಆಯೋಗವು ಸುಮಾರು 5000 ಶಾಲೆಗಳ ಮೂಲಕ ಸುಮಾರು 50,000 ಮಕ್ಕಳ ಕೈಗೆ ಪುಸ್ತಕ ಕೊಟ್ಟು, ಮನೆಯ ಮತ್ತು ನೆರೆಹೊರೆಯ ಹಿರಿಯರ ಮಾತನ್ನು ಬರೆಸಿತು. ಬ್ರೆಡ್ಡು ಸುಡುವ ಬಗೆ, ಬೆಣ್ಣೆ ಕಡೆಯುವ ಕ್ರಮ, ಗಡ್ಡೆಯ ಬೆಳೆ, ಕ್ಷಾಮದ ಕಥೆ ಎಲ್ಲವೂ ಮಕ್ಕಳ ದುಂಡು ಅಕ್ಷರಗಳಲ್ಲಿ ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ. ಮಗು ಕೇಳಿದಾಗ ಮೌನಿಗಳಾಗಿದ್ದ ಅಜ್ಜ ಅಜ್ಜಿಯರೂ ಬಾಯಿಬಿಟ್ಟಿದ್ದರು.

ಇದನ್ನು ಮಾಡಲು ನಮಗೆ ಯಾವ ಆಯೋಗವೂ ಬೇಕಿಲ್ಲ. ಮುಂದಿನ ರಜೆಯಲ್ಲಿ ತಾಯಂದಿರು ಮಕ್ಕಳ ಕೈಗೊಂದು ನೋಟುಪುಸ್ತಕ ಕೊಟ್ಟು ಮನೆಯ ಹಿರಿಯರ ಬಳಿ ಕೂರಿಸಲಿ. ನೀವು ಚಿಕ್ಕವರಿದ್ದಾಗ ಬೆಳಿಗ್ಗೆ ಏನು ಉಣ್ಣುತ್ತಿದ್ದಿರಿ, ಬರ ಬಂದ ವರ್ಷ ಒಲೆಯ ಮೇಲೆ ಏನಿರುತ್ತಿತ್ತು, ಈಗ ಯಾರೂ ಬೆಳೆಯದ ಯಾವ ಕಾಳು ನಿಮ್ಮ ಹೊಲದಲ್ಲಿತ್ತು ಎಂಬ ಮೂರು ಪ್ರಶ್ನೆಗಳು ಆರಂಭಕ್ಕೆ ಸಾಕು. ಉತ್ತರ ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.